ಸಿಂಗಲ್ ಫೇಸಿನ ಸಂಜೆಗಳು

ಸಂಜೆ ದೀಪ ಹಚ್ಚುವ ಹೊತ್ತಿಗೆ ಶಾಂತಲಾಗೆ ದೇವರಿಗಿಂತ ಬಲ್ಬಿನ ಮೇಲೆಯೇ ಹೆಚ್ಚು ಕಣ್ಣು. ಹಣತೆಗೆ ಎಣ್ಣೆ ಬಿಟ್ಟು, ಬತ್ತಿ ಮುಂದಕ್ಕೆಳೆದು, ಕೈ ಮುಗಿಯುವ ಮೊದಲೇ ತಿರುಗಿ ನಡುಮನೆಯ ಗುಂಡು ಬಲ್ಬನ್ನು ನೋಡುತ್ತಿದ್ದಳು. ಗಂಡ ಅನಂತರಾಜು ಮನೆತುಂಬ ಎಲ್‌ಇಡಿ ಹಾಕಿಸಿದ್ದ. ಈ ಹಳೇ ಬಲ್ಬೊಂದನ್ನು ಮಾತ್ರ ಅವಳು ಹಠ ಹಿಡಿದು ಉಳಿಸಿಕೊಂಡಿದ್ದಳು. ಎಲ್‌ಇಡಿಗಳು ಕೊನೆಯ ಗಳಿಗೆಯವರೆಗೂ ಬೆಳ್ಳಗೆ ನಗುತ್ತಿದ್ದು ಮೋಸ ಮಾಡುತ್ತವೆ. ಕರೆಂಟಿನ ನಿಜ ಸಮಾಚಾರ ಹೇಳುವುದು ಗುಂಡು ಬಲ್ಬೇ. ಅದು ಚೆನ್ನಾಗಿ ಉರಿದರೆ ಅವಳ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ಸಿಹಿಗುಂಬಳದ ಬಣ್ಣಕ್ಕೆ ತಿರುಗಿತೋ, ಭಯಕ್ಕೆ ಕೈ ಮುಗಿಯುವುದನ್ನೂ ಮರೆಯುತ್ತಿದ್ದಳು.

ಭಯಕ್ಕೆ ಕಾರಣ ಮುಂದಿನ ಕೋಣೆಯಲ್ಲಿತ್ತು. ಅವಳ ಮಾವ ವೆಂಕಟರಂಗಯ್ಯ ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ಮೇಸ್ತ್ರಿಯಾಗಿ ಅರ್ಧ ಆಯಸ್ಸು ಧೂಳು ಕುಡಿದ ಮನುಷ್ಯ. ಆ ಧೂಳು ಈಗ ಲೆಕ್ಕ ಕೇಳುತ್ತಿತ್ತು. ತುಮಕೂರಿನ ಡಾಕ್ಟರು ಶ್ವಾಸಕೋಶದ ಫೋಟೋ ಬೆಳಕಿಗೆ ಹಿಡಿದು, ಇನ್ನು ಮೇಲೆ ಗಾಳಿಯಿಂದ ಆಕ್ಸಿಜನ್ ಹೀರಿ ಕೊಡುವ ಮಷಿನ್ನು ಮನೆಯಲ್ಲೇ ಇರಬೇಕು, ಊಟ ನಿದ್ದೆ ಏನೇ ಇರಲಿ ಮೂಗಿನ ನಳಿಗೆ ತೆಗೆಯಕೂಡದು ಎಂದಿದ್ದರು. ಹಾಗೆ ಬಂದದ್ದು ಆ ಮಷಿನ್ನು. ಹಾಸಿಗೆಯ ಪಕ್ಕ ನಿಂತು ಹಗಲೂ ರಾತ್ರಿ ಗುಸುಗುಸು ಎನ್ನುತ್ತಿತ್ತು. ಕರೆಂಟು ಪೂರ್ತಿ ಹೋದಾಗ ಬೇಕೆಂದು ಮೂಲೆಯಲ್ಲೊಂದು ಸಿಲಿಂಡರ್ ನಿಲ್ಲಿಸಿದ್ದರು. ಅದು ಒಂದು ರಾತ್ರಿ ದಾಟಿಸುತ್ತಿತ್ತು, ಅಷ್ಟೇ. ತುಂಬಿಸಲು ಮತ್ತೆ ತುಮಕೂರಿಗೇ ಹೋಗಬೇಕು.

ಮನೆ ಇದ್ದದ್ದು ಚೇಳೂರಿನಾಚೆ ತೋಟದ ನಡುವೆ. ತೋಟದ ಮನೆಗಳಿಗೆ ಕರೆಂಟು ಬರುವುದು ಪಂಪ್‌ಸೆಟ್ಟಿನ ಲೈನಿನಿಂದ. ಮೋಟಾರಿಗೆಂದು ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ, ಅದೂ ಒಂದು ವಾರ ಹಗಲಾದರೆ ಇನ್ನೊಂದು ವಾರ ಸರಿರಾತ್ರಿ. ಉಳಿದ ಹೊತ್ತಿಗೆ ಮನೆಯ ದೀಪ ಉರಿಯಲೆಂದು ಸಿಂಗಲ್ ಫೇಸ್. ಸಿಂಗಲ್ ಫೇಸಿನಲ್ಲಿ ಮೋಟಾರು ತಿರುಗಬಾರದು. ಆದರೆ ಸ್ಟಾರ್ಟರಿನ ಪಕ್ಕ ಕಂಡೆನ್ಸರ್ ಎಂಬ ಡಬ್ಬಿ ಕೂರಿಸಿದರೆ ತಿರುಗುತ್ತದೆ. ಒಬ್ಬರು ತಿರುಗಿಸಿದರೆ ಸುತ್ತಲಿನ ಮನೆಗಳ ಕರೆಂಟು ಸೊರಗುತ್ತದೆ, ಎಲ್ಲರೂ ತಿರುಗಿಸಿದರೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಇದು ತಪ್ಪೆಂದು ಆ ಲೈನಿನ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿರುವುದರಿಂದಲೇ ಯಾರೂ ಇನ್ನೊಬ್ಬರ ಪಂಪ್‌ಹೌಸಿನೊಳಗೆ ಇಣುಕುವುದಿಲ್ಲ.

ಬೇಸಿಗೆ ಕಾಲಿಟ್ಟ ವಾರ ಒಂದು ಸಂಜೆ ಬಲ್ಬು ಹಳದಿಯಾಯಿತು. ಹಿಂದೆಯೇ ಮಷಿನ್ನು ಕೀಂ ಕೀಂ ಎಂದು ಕೂಗಿಕೊಂಡಿತು. ಶಾಂತಲಾ ಮುದ್ದೆಯ ಕೋಲನ್ನು ಹಿಟ್ಟಿನಲ್ಲೇ ಬಿಟ್ಟು ಓಡಿದಳು. ಮಾವ ಗೋಡೆಗೆ ಒರಗಿ ಬಾಯಲ್ಲಿ ಉಸಿರೆಳೆಯುತ್ತಿದ್ದರು. ಅವಳು ಸಿಲಿಂಡರಿನ ಕೀಲಿ ತಿರುಗಿಸಿದಳು. ನಳಿಗೆ ಬದಲಾಯಿಸಿ, ಅವರ ಎದೆ ಹದಕ್ಕೆ ಬಂದ ಮೇಲೆ, ನೇರ ಪಂಪ್‌ಹೌಸಿಗೆ ನಡೆದಳು. ಅನಂತರಾಜು ಅಲ್ಲಿ ಲುಂಗಿ ಎತ್ತಿಕಟ್ಟಿ ನೀರಿನ ಪೈಪು ಸರಿಮಾಡುತ್ತಿದ್ದ. ಮೋಟಾರು ಓಡುತ್ತಿತ್ತು.

"ಆಫ್ ಮಾಡಿ."

"ಇರು ಕಣೇ, ಇನ್ನೊಂದ್ ಸಾಲು ಐತೆ."

"ಒಳ್ಗೆ ಮಾವಂಗೆ ಉಸ್ರು ಸಿಕ್ತಾ ಇಲ್ಲ. ಮಷಿನ್ನು ಬಡ್ಕೊಂತೈತೆ. ಆಫ್ ಮಾಡಿ ಅಂದೆ."

ಅವನು ಮೋಟಾರು ನಿಲ್ಲಿಸಿ ಮನೆಗೆ ಓಡಿದ. ಅಪ್ಪ ಸರಿಯಾಗಿದ್ದುದನ್ನು ಕಂಡ ಮೇಲೆ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. ಗಂಡಸರ ಹೆದರಿಕೆಗೆ ಅದೊಂದೇ ದಾರಿ.

"ನಾನೊಬ್ನೇನಾ ಹಾಕೋದು? ಪಕ್ಕದ ತೋಟದ ಕದರಯ್ಯ ಹಾಕ್ತಾನೆ. ಆ ಕಡೆ ತೋಟದೋರು ಹಾಕ್ತಾರೆ. ನಾನೊಬ್ಬ ನಿಲ್ಸಿದ್ರೆ ವೋಲ್ಟೇಜ್ ಬಂದ್ಬುಡ್ತಾ?"

"ಬೇರೆಯೋರ ಮನೇಲಿ ಈ ಮಷಿನ್ ಇಲ್ವಲ್ಲ."

"ಹೋದ ವರ್ಷ ಇಟ್ಟ ಅಡಿಕೆ ಸಸಿ ಕಣೇ ಅವು. ಸರಿರಾತ್ರೀಲಿ ಬರೋ ತ್ರೀ ಫೇಸ್ ಅರ್ಧ ಗಂಟೇಗೆ ಟ್ರಿಪ್ ಆಗ್ತದೆ. ಬೇರು ಒಣಗಿದ್ರೆ ಅಪ್ಪನೇ ಮೊದ್ಲು ಕೊರಗೋದು."

"ಹಂಗಾರೆ ಮಾವನ್ನ ಕುಣಿಗಲ್‌ಗೆ ಕಳ್ಸಿ. ರಂಗಲಕ್ಷ್ಮಮ್ಮ ಎಷ್ಟ್ ಸಲ ಕರ್ದವ್ರೆ. ಟೌನಿನ ಕರೆಂಟು, ಹಿಂಗೆಲ್ಲ ಆಗಲ್ಲ."

ರಂಗಲಕ್ಷ್ಮಮ್ಮ ವೆಂಕಟರಂಗಯ್ಯನವರ ಮಗಳು. ಹಾಸಿಗೆಯಿಂದಲೇ ಮುದುಕನ ದನಿ ಬಂತು. "ಹೆಣ್ ಕೊಟ್ಟ ಮನೇಲಿ ಹಾಸಿಗೆ ಹಾಸ್ಕೊಂಡು ಮಲಗೋದಾ? ಮಗ ಬದುಕಿರೋವಾಗ? ನನ್ನ ಹೆಣ ಹೋಗ್ಲಿ ಕುಣಿಗಲ್‌ಗೆ."

ಆ ರಾತ್ರಿ ಮುದ್ದೆಯಲ್ಲಿ ಗಂಟು ಉಳಿದಿತ್ತು. ಗಂಡ ಹೆಂಡತಿ ಮಾತು ಬಿಟ್ಟು ಉಂಡರು. ಮುದುಕ ಅವರ ಮುಖ ಇವರ ಮುಖ ನೋಡುತ್ತ ಅರ್ಧ ಮುದ್ದೆ ಹಾಗೇ ಬಿಟ್ಟ.

ಎರಡು ದಿನದ ಮುನಿಸಿನ ನಂತರ ಅನಂತರಾಜು ತುಮಕೂರಿಗೆ ಹೋಗಿ ಭಾರಿ ಗಾತ್ರದ ಸ್ಟೆಬಿಲೈಸರ್ ಒಂದನ್ನು ತಂದು ಮಷಿನ್ನಿಗೆ ಜೋಡಿಸಿದ. ವೋಲ್ಟೇಜ್ ಎಷ್ಟೇ ಬೀಳಲಿ, ಇದು ಎತ್ತಿ ಕೊಡುತ್ತದೆಂದು ಅಂಗಡಿಯವನು ಆಣೆ ಮಾಡಿದ್ದನಂತೆ. ಶಾಂತಲಾ ನಂಬಿಯೂ ನಂಬದ ಹಾಗೆ ತಲೆಯಾಡಿಸಿದಳು.

ಆ ಶನಿವಾರ ಮಗಳು ಇಂಪನಾ ಹಾಸ್ಟೆಲಿನಿಂದ ಬಂದಳು. ತುಮಕೂರಿನ ಕಾಲೇಜಿನಲ್ಲಿ ಬಿಎಸ್ಸಿ ಓದುವ ಹುಡುಗಿ. ದೇಶದ ನಾಳಿನ ವಿದ್ಯುತ್ತಿಗೆ ದಾರಿ ಯಾವುದು ಎಂಬ ಚರ್ಚಾಸ್ಪರ್ಧೆಗೆ ಅವಳ ಹೆಸರು ಬಂದಿತ್ತು. ಗುಬ್ಬಿಯಲ್ಲಿ ಬಸ್ಸು ಬದಲಾಯಿಸುವಾಗಿನಿಂದ ಬಾಯಿಪಾಠ ಮಾಡುತ್ತಲೇ ಬಂದವಳು, ಊಟಕ್ಕೆ ಕೂತರೂ ನಿಲ್ಲಿಸಲಿಲ್ಲ. ತಾತನ ಮಂಚದ ಪಕ್ಕವೇ ಎಲ್ಲರಿಗೂ ತಟ್ಟೆ ಹಾಕುವುದು ಈಗ ಮನೆಯ ರೂಢಿಯಾಗಿತ್ತು. ಹುರುಳಿಕಾಳಿನ ಬಸ್ಸಾರು ಘಮಘಮ ಎನ್ನುತ್ತಿತ್ತು.

"ಕಲ್ಲಿದ್ದಲು ಬಿಟ್ರೆ ಗತಿ ಇಲ್ಲ ಅಂತ ಹೇಳ್ಬುಡು," ಎಂದ ಅನಂತರಾಜು. "ರಾತ್ರಿ ಹೊತ್ತು ನಿನ್ನ ಸೂರ್ಯ ಬತ್ತಾನಾ?"

"ಅಪ್ಪ, ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆ. ನಮ್ಮ ಜಿಲ್ಲೇನೇ ಅದು."

"ಐತಲ್ಲ. ನಮ್ಮನೆ ಗುಂಡು ಬಲ್ಬಿಗೆ ಅದ್ರ ಸುದ್ದಿ ಇನ್ನೂ ಮುಟ್ಟಿಲ್ಲ."

ಇಂಪನಾಗೆ ನಗು ಬಂತು. "ಹಗಲಿನ ಕರೆಂಟನ್ನ ದೊಡ್ಡ ದೊಡ್ಡ ಬ್ಯಾಟರೀಲಿ ಕೂಡಿಡ್ಬೇಕು. ಮುಂದೆ ಮಾಡ್ತಾರೆ."

"ಆ ಅಣುದು ಅಂತಾರಲ್ಲ, ಅದು ಹೆಂಗೆ?" ಮುದುಕ ಕೇಳಿದ.

"ಅದು ಕಟ್ಟಿ ಮುಗಿಸೋಕೆ ವರ್ಷಗಟ್ಟಲೆ ಬೇಕು ತಾತ."

"ಅಲ್ಲಿಗಂಟ ನಾನಿರಕಿಲ್ಲ, ಅದ್ನ ಬುಡು. ಬ್ಯಾರೆ ಹೇಳು."

ಸಾರು ಬಡಿಸುತ್ತಿದ್ದ ಶಾಂತಲಾ ಸೌಟು ಹಿಡಿದೇ ಕೇಳಿದಳು. "ನೀವು ಯಾವುದಾದ್ರೂ ಕಟ್ಕೊಳಿ. ಸಂಜೆ ಹೊತ್ತು ನಿಲ್ದಂಗೆ ಕೊಡ್ತಾರಾ, ಅದೊಂದ್ ಹೇಳು ನಂಗೆ."

"ಅದೇ ಅಮ್ಮ ಕಷ್ಟ ಇರೋದು. ಸೂರ್ಯ ಮುಳುಗ್ತಾನೆ, ಅದೇ ಹೊತ್ತಿಗೆ ಎಲ್ಲಾರ ಮನೆ ಸ್ವಿಚ್ಚೂ ಬೀಳತ್ತೆ. ನಾನು ಅದನ್ನೇ ಹೇಳ್ತೀನಿ. ಹೊಸ ಪವರ್ ಹೌಸ್ ಕಟ್ಟೋಗಂಟ ಕಾಯೋ ಬದ್ಲು, ಆ ಒಂದೆರಡು ಗಂಟೆ ಯಾರಿಗೆ ಅರ್ಜೆಂಟ್ ಇಲ್ವೋ ಅವ್ರು ಆಫ್ ಮಾಡಿ ತಡ್ಕೊಂಡ್ರೆ ಸಾಕು. ಅದೇ ಒಂದು ಪವರ್ ಹೌಸ್ ಇದ್ದಂಗೆ."

"ಯಾರಿಗೆ ಅರ್ಜೆಂಟ್ ಇಲ್ಲ ಅಂತ ಹೇಳೋರ್ ಯಾರವ್ವ?" ಎಂದ ಮುದುಕ.

"ಅವರವರೇ ಹೇಳ್ಕೋಬೇಕು ತಾತ. ಎಲ್ಲಾರೂ ನಂದೇ ಅರ್ಜೆಂಟು ಅಂತ ಕೂತ್ರೆ ದೇಶ ನಡೆಯಲ್ಲ."

"ಸರ್ಯಾಗ್ ಹೇಳ್ದೆ ಕಣ್ ಮಗಾ," ಎಂದು ವೆಂಕಟರಂಗಯ್ಯ ಬೆರಳು ನೆಕ್ಕಿದ. "ಇದ್ನೇ ಹೇಳು. ಗೆಲ್ತೀಯ."

ಮೊಮ್ಮಗಳ ಮುಖ ಅರಳಿತು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಊಟ ಜಗಳವಿಲ್ಲದೆ ಮುಗಿಯಿತು. ಶಾಂತಲಾಗೆ ಕೂಡ ಅಂದು ಎರಡು ತುತ್ತು ಹೆಚ್ಚೇ ಸೇರಿತು.

ಮುಂದಿನ ವಾರಗಳಲ್ಲಿ ಮಷಿನ್ನು ಒಮ್ಮೆಯೂ ಕೂಗಲಿಲ್ಲ. ಸಂಜೆ ಮೋಟಾರಿನ ಸದ್ದು ಕೇಳುತ್ತಿತ್ತು, ಬಲ್ಬು ಹಳದಿಯಾಗುತ್ತಿತ್ತು, ಶಾಂತಲಾ ಒಲೆಯ ಮುಂದೆ ಕಿವಿ ನಿಮಿರಿಸಿ ಕಾಯುತ್ತಿದ್ದಳು. ಕೀಂ ಎನ್ನುವ ಸದ್ದು ಬರುತ್ತಿರಲಿಲ್ಲ. ಸ್ಟೆಬಿಲೈಸರ್ ತನ್ನ ಮಾತು ಉಳಿಸಿಕೊಂಡಿತೆಂದು ಅನಂತರಾಜು ಮೀಸೆಯ ಮೇಲೆ ಕೈ ಹಾಕಿದ. "ನೋಡ್ದಾ? ಸುಮ್ಸುಮ್ನೆ ಕುಣಿಗಲ್ ಕುಣಿಗಲ್ ಅಂತಿದ್ದೆ," ಎಂದು ಹೆಂಡತಿಯನ್ನು ಛೇಡಿಸಿದ. ಮೊದಮೊದಲು ಒಂದೇ ಸಾಲಿಗೆ ನೀರು ಬಿಡುತ್ತಿದ್ದವನು ನಿಧಾನಕ್ಕೆ ಇಡೀ ತೋಟಕ್ಕೆ ಬಿಡತೊಡಗಿದ. ಸಸಿಗಳ ಸುಳಿ ಹಸಿರಾಯಿತು.

ಮಾವ ಮಾತ್ರ ಸೊರಗುತ್ತಿದ್ದರು. ಬೆಳಗಿನ ಹೊತ್ತು ತಲೆ ಸಿಡಿಯುತ್ತದೆ ಎನ್ನುತ್ತಿದ್ದರು. ಹಗಲೆಲ್ಲ ತೂಕಡಿಕೆ. ಒಂದು ದಿನ ತಮ್ಮ ಸತ್ತುಹೋದ ಹೆಂಡತಿಯ ಹೆಸರು ಹಿಡಿದು ಶಾಂತಲಾಳನ್ನು ಕರೆದು ನೀರು ಕೇಳಿದರು. ಅವಳು ಅದನ್ನು ಗಂಡನಿಗೆ ಹೇಳಿದಳು. ವಯಸ್ಸಾಯಿತು, ಇನ್ನೇನು ಎಂದು ಅನಂತರಾಜು ಮುಖ ತಿರುಗಿಸಿದ. ಆ ಮಾತು ಅವನಿಗೂ ಹಿಡಿಸಿದ ಹಾಗಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅವಳು ಕೊಟ್ಟಿಗೆಗೆ ಹೋಗಿ ಹಾಲು ಕರೆದು, ಕತ್ತಲಾದ ಮೇಲೆ ಒಳಗೆ ಬಂದು ನೇರ ಒಲೆಯ ಮುಂದೆ ನಿಲ್ಲುತ್ತಿದ್ದಳು. ಒಂದು ದಿನ ಹಸು ಒದ್ದು ಬಕೆಟ್ಟು ಉರುಳಿಸಿತು. ಬೈಯುತ್ತ ಬೇರೆ ಬಕೆಟ್ಟಿಗೆಂದು ಅವೇಳೆಯಲ್ಲಿ ಒಳಗೆ ಬಂದವಳು, ಮುಂದಿನ ಕೋಣೆಯ ಬಾಗಿಲಲ್ಲೇ ನಿಂತಳು. ತೋಟದ ಕಡೆಯಿಂದ ಮೋಟಾರಿನ ಸದ್ದು ಬರುತ್ತಿತ್ತು. ಕೋಣೆಯಲ್ಲಿ ಮಾತ್ರ ಯಾವ ಸದ್ದೂ ಇರಲಿಲ್ಲ. ಮಷಿನ್ನಿನ ಹಸಿರು ದೀಪ ಆರಿತ್ತು. ಗೋಡೆಯ ಸ್ವಿಚ್ಚು ಮೇಲಕ್ಕಿತ್ತು, ಆರಿಸಿದ ಸ್ವಿಚ್ಚು. ಮಾವ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡೇ ಕೂತಿದ್ದರು, ಎರಡು ಕೈಯನ್ನೂ ಮಂಚಕ್ಕೆ ಊರಿ. ಭುಜ ಎದ್ದೆದ್ದು ಬೀಳುತ್ತಿತ್ತು. ತುಟಿ ನೇರಳೆಹಣ್ಣು ತಿಂದವರ ತುಟಿಯಂತಿತ್ತು.

ಬಕೆಟ್ಟು ಎಲ್ಲಿ ಬಿತ್ತೋ. ಸಿಲಿಂಡರಿನ ಕೀಲಿ ತಿರುಗಿಸಿ, ನಳಿಗೆ ಬದಲಿಸಿ, ಅವಳು ಮಾವನ ಬೆನ್ನು ಸವರುತ್ತ ಕೂತಳು.

"ಯಾರು ಆಫ್ ಮಾಡಿದ್ದು ಮಾವ?"

ಅವರು ಉಸಿರು ಕೂಡಿಸಿಕೊಂಡರು. "ನಾನೇ ಕಣವ್ವ."

"ಯಾಕೆ?"

"ಅದು ಕೂಗ್ಕೊಂಡ್ರೆ ನೀನು ಅವನ್ನ ಬಯ್ತೀಯ. ಅವನು ನಿನ್ನ ಬಯ್ತಾನೆ. ಮೋಟ್ರು ನಿಂತ್ರೆ ಸಸಿ ಸಾಯ್ತವೆ. ಅದ್ಕೆ ಮೋಟ್ರು ಸದ್ದು ಬಂದೇಟ್ಗೆ ನಾನೇ..." ಕೈಯಲ್ಲಿ ಸ್ವಿಚ್ಚು ಒತ್ತುವಂತೆ ತೋರಿಸಿದರು. "ಸದ್ದು ನಿಂತ್ಮ್ಯಾಲೆ ಹಾಕ್ಕಂತೀನಿ. ತಡ್ಕಬಹುದು."

"ದಿನಾನಾ?"

ಮಾವ ಸ್ವಲ್ಪ ನಕ್ಕರು, ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದವರ ಹಾಗೆ. "ಇಂಪನಾ ಹೇಳ್ಳಿಲ್ವಾ, ಅರ್ಜೆಂಟ್ ಇಲ್ದೋರು ತಡ್ಕೋಬೇಕು ಅಂತ. ನಂದೇನೈತವ್ವ ಇನ್ನು ಅರ್ಜೆಂಟು. ಅವನಿಗೆ ಹೇಳ್ಬ್ಯಾಡ."

ಶಾಂತಲಾ ಆ ಮಾತು ಮುಗಿಯುವ ಮೊದಲೇ ಹೊರಗೆ ಬಂದು ಗಂಡನನ್ನು ಕೂಗಿದ್ದಳು. ಎಂದೂ ಹಾಗೆ ಕೂಗಿದವಳಲ್ಲ. ಅನಂತರಾಜು ಕೆಸರುಗಾಲಲ್ಲೇ ಒಳಗೆ ಬಂದ. ಅವಳು ಆರಿದ ಸ್ವಿಚ್ಚು ತೋರಿಸಿ, ಎಲ್ಲವನ್ನೂ ಹೇಳಿದಳು. ಅವನು ಸ್ಟೆಬಿಲೈಸರನ್ನು ನೋಡಿದ, ಮಷಿನ್ನನ್ನು ನೋಡಿದ, ಅಪ್ಪನ ತುಟಿ ನೋಡಿದ. ಇಷ್ಟು ದಿನ ಅದು ಕೂಗದಿದ್ದುದಕ್ಕೆ ತಾನು ಮೀಸೆ ತಿರುವಿದ್ದು ನೆನಪಾಗಿರಬೇಕು. ನೆಲದ ಮೇಲೆ ಕುಕ್ಕರಿಸಿ ಕೂತುಬಿಟ್ಟ.

"ನನ್ನ ಕೈಲಿ ನಿನ್ನ ಸಾಯ್ಸಿ, ಪಾಪ ನನ್ ತಲೇಗ್ ಕಟ್ಬುಟ್ ಹೋಗಾನ ಅಂತಿದ್ದಾ ಅಪ್ಪ?"

"ಹಂಗಲ್ಲ ಕಣ್ಲಾ," ಎಂದ ಮುದುಕ. "ಸುಳಿ ಚೆಂದಾಗ್ ಬಂದವೆ ಅಂತ ನೀನೇ ಹೇಳ್ದಲ್ಲ."

ಅನಂತರಾಜು ಅತ್ತದ್ದನ್ನು ಶಾಂತಲಾ ಕಂಡಿದ್ದು ತನ್ನ ಅತ್ತೆ ತೀರಿಕೊಂಡಾಗ, ಆಮೇಲೆ ಈಗಲೇ. ಅವಳಿಗೆ ಸಮಾಧಾನ ಹೇಳಲು ಮನಸ್ಸಾಗಲಿಲ್ಲ. ಅವನ ಮೇಲೆ ಸಿಟ್ಟಿತ್ತು. ತನ್ನ ಮೇಲೂ ಇತ್ತು. ಕೂಗು ಬರಲಿಲ್ಲವೆಂದು ಒಲೆಯ ಮುಂದೆಯೇ ನೆಮ್ಮದಿಯಾಗಿ ನಿಂತವಳು ತಾನೂ ಅಲ್ಲವೇ?

ಮರುದಿನ ಬೆಳಿಗ್ಗೆ ಅವನು ಕಂಡೆನ್ಸರ್ ಡಬ್ಬಿ ಕಿತ್ತು ತಂದು ಜಗಲಿಯ ಮೇಲೆ ಹಾಕಿದ. ಆಮೇಲೆ ಅದೇ ಟ್ರಾನ್ಸ್‌ಫಾರ್ಮರಿನ ಎಲ್ಲ ತೋಟದವರ ಮನೆಗೂ ಹೋಗಿ, ಸಂಜೆ ಹೊತ್ತು ಮೋಟಾರು ಹಾಕಬೇಡಿರೆಂದು ಕೇಳಿಕೊಂಡು ಬಂದ. ಯಾರೂ ಇಲ್ಲ ಎನ್ನಲಿಲ್ಲ. ಪಕ್ಕದ ತೋಟದ ಕದರಯ್ಯನಂತೂ ತಾನೇ ಮನೆಗೆ ಬಂದು ಮುದುಕನ ಕಾಲ ಬಳಿ ಕೂತ. "ನಮ್ಮಪ್ಪ ಇದ್ದಂಗೆ ನೀವು. ನಂಗೆ ಗೊತ್ತಿದ್ರೆ ಮುಟ್ತಿದ್ನಾ? ಇವತ್ತಿಂದ ಸಂಜೆ ನಮ್ಮ ಮೋಟ್ರು ಕಮಕ್ ಕಿಮಕ್ ಅನ್ನಲ್ಲ." ಶಾಂತಲಾ ಅವನಿಗೆ ಕಾಫಿ ಕೊಟ್ಟಳು. ಅವನ ಮಾತಿನಲ್ಲಿ ಕಪಟವಿರಲಿಲ್ಲ, ಅವಳಿಗೆ ಅದು ಗೊತ್ತಿತ್ತು.

ಸುದ್ದಿ ಕೇಳಿ ಇಂಪನಾ ಫೋನಿನಲ್ಲೇ ಅತ್ತಳು. "ನಾನು ಹೇಳಿದ್ದು ಎಸಿ ಹಾಕ್ಕೊಂಡು ಕೂರೋರಿಗೆ ಅಮ್ಮ. ತಾತಂಗಲ್ಲ."

"ಅವ್ರಿಗೆ ಹಂಗೆ ಕೇಳಿಸ್ಲಿಲ್ಲ ಕಣೇ."

"ನಾನು ಹೆಸ್ರು ವಾಪಸ್ ತಗೋತೀನಿ."

"ಬ್ಯಾಡ ಅಂತಾವ್ರೆ ತಾತ. ಹೋಗಿ ಮಾತಾಡು."

ಕೆಲವು ದಿನ ಬಲ್ಬು ಬೆಳ್ಳಗೆ ಉರಿಯಿತು. ಮಾವನ ತಲೆನೋವು ಹೋಯಿತು, ಹೆಸರುಗಳು ಸರಿಹೋದವು. ಊಟದ ಹೊತ್ತಿನಲ್ಲಿ ಉಪ್ಪು ಕಡಿಮೆಯೆಂದು ಗೊಣಗುವಷ್ಟು ಚೇತರಿಸಿಕೊಂಡರು. ಆದರೂ ಶಾಂತಲಾಳ ಜೀವ ಕೈಯಲ್ಲೇ ಇತ್ತು. ಹಾಲು ಕರೆಯುವುದನ್ನು ಗಂಡನಿಗೆ ವಹಿಸಿ, ಕತ್ತಲಾಗುವ ಮೊದಲೇ ಸೊಪ್ಪಿನ ಮೊರ ಹಿಡಿದು ಮಾವನ ಕೋಣೆಯಲ್ಲಿ ಕೂರುತ್ತಿದ್ದಳು. ಬಿಸಿಲು ಬಲಿಯುತ್ತಿತ್ತು. ತ್ರೀ ಫೇಸ್ ಮತ್ತೆ ಸರಿರಾತ್ರಿಯ ಪಾಳಿಗೆ ಹೋಯಿತು, ಬಂದರೂ ನಿಲ್ಲುತ್ತಿರಲಿಲ್ಲ. ಅನಂತರಾಜುವಿನ ಸಸಿಗಳ ಗರಿ ತುದಿಯಿಂದ ಒಣಗತೊಡಗಿತು. ಅವನು ಬೆಳಿಗ್ಗೆ ಎದ್ದು ಕೊಡದಲ್ಲಿ ನೀರು ಹೊತ್ತು ಒಂದೊಂದಕ್ಕೆ ಹುಯ್ಯುತ್ತಿದ್ದ.

ಇಂಪನಾ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ತೆಗೆದುಕೊಂಡು ಬಂದ ಸಂಜೆ ಎಲ್ಲರೂ ಮಂಚದ ಸುತ್ತಲೇ ಇದ್ದರು. ಹುಡುಗಿಗೆ ಬಹುಮಾನದ ಕಪ್ಪನ್ನು ಚೀಲದಿಂದ ತೆಗೆಯಲೇ ನಾಚಿಕೆ. ತಾತನೇ ಬಲವಂತ ಮಾಡಿದರು.

"ಏನಂತ ಹೇಳ್ದೆ, ಹೇಳು ಕೇಳಾನ."

"ಮೊದ್ಲು ಯಾರ ಉಸ್ರು ನಿಲ್ಬಾರ್ದೋ ಅವ್ರಿಗೆ ಕರೆಂಟು, ಆಮೇಲೆ ಮಿಕ್ಕಿದ್ದು ಅಂತ ಹೇಳ್ದೆ ತಾತ. ಕಲ್ಲಿದ್ದಲೋ ಸೋಲಾರೋ ಯಾವುದಾದ್ರೂ ತನ್ನಿ, ಸಾಲು ಅಲ್ಲಿಂದ ಶುರುವಾಗ್ಬೇಕು ಅಂತ."

"ಅದ್ಕೆ ಎಲ್ಡ್ನೇದು ಕೊಟ್ಟವ್ರೆ," ಎಂದು ತಾತ ನಕ್ಕರು. ಅನಂತರಾಜುವೂ ನಕ್ಕ.

ಆಗ ಕದರಯ್ಯನ ತೋಟದ ಕಡೆಯಿಂದ ಮೋಟಾರು ಗುಂಯ್ ಎಂದಿತು.

ಸ್ವಲ್ಪ ಹೊತ್ತಿಗೆ ಅದರಾಚೆ ಇನ್ನೊಂದು. ಒಬ್ಬನು ಹಾಕಿದನೆಂದು ತಿಳಿದ ಮೇಲೆ ಉಳಿದವರು ಯಾಕೆ ಕಾದಾರು? ಇನ್ನೊಂದು, ಇನ್ನೂ ಆಚೆ ಮತ್ತೊಂದು. ಸ್ಟೆಬಿಲೈಸರಿಗೂ ಎತ್ತಿ ಕೊಡಲಾಗಲಿಲ್ಲ. ಮಷಿನ್ನು ಕೀಂ ಕೀಂ ಎಂದು ಕೂಗಿಕೊಂಡಿತು. ಶಾಂತಲಾ ಮೊರ ಎಸೆದು ಸಿಲಿಂಡರಿನ ಕೀಲಿಗೆ ಕೈ ಹಾಕಿದಳು. ಇವತ್ತಿನ ರಾತ್ರಿ ಇದು ದಾಟಿಸುತ್ತದೆ, ನಾಳೆಯೂ ಸಂಜೆಯಾಗುತ್ತದಲ್ಲ.

ಅನಂತರಾಜು ಎದ್ದು ನಿಂತ. ಕಣ್ಣು ಕೆಂಪಾಗಿತ್ತು. "ಬಂದು ಕಾಲತ್ರ ಕೂತು ಮಾತು ಕೊಟ್ಟೋಗವ್ನೆ. ಹೋಗಿ ಕೇಳ್ತೀನಿ ಇವತ್ತು."

"ಏನಂತ ಕೇಳ್ತೀಯ?" ಮುದುಕನ ಮಾತು ತುಂಡು ತುಂಡಾಗಿ ಬಂತು. "ಅವನ ಬಾಳೆ ಗೊನೆ ಬುಡೋ ಹೊತ್ತು. ನೀನು ಹಾಕ್ಲಿಲ್ವಾ?"

ಬಾಗಿಲವರೆಗೆ ಹೋದವನು ಅಲ್ಲಿಂದ ಮುಂದೆ ಹೆಜ್ಜೆ ಇಡಲಾರದೆ ನಿಂತ. ಅಷ್ಟರಲ್ಲಿ ಇಂಪನಾ "ಅಪ್ಪ" ಎಂದಳು. ತಾತನ ಬಲಗೈ ಮಂಚದಿಂದ ಎದ್ದು, ಯಾರನ್ನೂ ಕೇಳದೆ, ಗೋಡೆಯ ಸ್ವಿಚ್ಚಿನ ಕಡೆ ಹೊರಟಿತ್ತು. ಅನಂತರಾಜು ಬಂದು ಆ ಕೈ ಹಿಡಿದುಕೊಂಡ.

"ಕೈ ಬುಡ್ಲಾ ಅನಂತ. ಅದು ಬಡ್ಕೊಂತೈತೆ."

"ಬಡ್ಕೊಳ್ಳಿ ಕಣಪ್ಪ."

"ಸಿಲಿಂಡ್ರು ಐತಲ್ಲ. ಅದ್ನ ಯಾಕ್ ಕೂಗುಸ್ಬೇಕು, ಆಫ್ ಮಾಡ್ತೀನಿ ಬುಡು."

"ಬುಡಲ್ಲ."

ಶಾಂತಲಾ ನಳಿಗೆ ಬದಲಿಸಿ ಮಾವನ ಮೂಗಿಗೆ ಸಿಕ್ಕಿಸಿದಳು. ಮಷಿನ್ನು ಕೂಗುತ್ತಲೇ ಇತ್ತು, ಹೊರಗೆ ಮೋಟಾರುಗಳು ಓಡುತ್ತಲೇ ಇದ್ದವು. ಅನಂತರಾಜು ಎರಡೂ ಕೈಯಿಂದ ಅಪ್ಪನ ಕೈಯನ್ನು ಎದೆಗೆ ಅವುಚಿಕೊಂಡು ಕೂತ. ಆ ಕೈ ಮಾತ್ರ ಇನ್ನೂ ಸ್ವಿಚ್ಚಿನ ಕಡೆಗೇ ಎಳೆಯುತ್ತಿತ್ತು.